ಒಂದು ಅಟ್ಟಣೆಗೆ ಒಂದು ಕೋವಿ

ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ನಡುವೆ ಐವತ್ತು ದಾಟಿದ ಹೆಂಗಸೊಬ್ಬಳು ಮಡಚುವ ಕುರ್ಚಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದರೆ ನೋಡಿದವರು ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. ಮಕ್ಕಳನ್ನು ಬಿಡಲು ಬಂದಿದ್ದ ಅಪ್ಪಂದಿರು ಬಾಗಿಲಲ್ಲೇ ನಿಂತು, "ಡಾರ್ಲಾ, ಫೇಲಾದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ, ನೋಡ್ಕೋ" ಎಂದು ಕಿಚಾಯಿಸಿದರು. ನಗದೆ ಇದ್ದವಳು ನನ್ನ ಮೊಮ್ಮಗಳು ಟೆಸ್ಸಾ ಒಬ್ಬಳೇ. ಅವಳಿಗೆ ನಾಚಿಕೆಯಾಗಿತ್ತು.

"ಅಜ್ಜಿ, ನೀನು ನನ್ನ ಪಕ್ಕ ಕೂರ್ಬೇಡ."

"ಯಾಕೇ, ನಾನೇನು ಕಚ್ತೀನಾ?"

"ಕಚ್ಚಲ್ಲ. ಮಾತಾಡ್ತೀಯ."

ಹಿಂದಿನ ಸಾಲಿಗೆ ಹೋಗಿ ಕೂತೆ. ಶಿಕಾರಿ ಕ್ಲಬ್ಬಿನ ಆ ಹಾಲ್‌ನಲ್ಲಿ ಪ್ರತಿ ಶುಕ್ರವಾರ ಮೀನು ಕರಿಯುತ್ತಾರೆ. ಉಳಿದ ದಿನಗಳಲ್ಲಿ ಅದರ ವಾಸನೆ ಮಾತ್ರ ಇರುತ್ತದೆ. ಗೋಡೆಯ ತುಂಬ ಜಿಂಕೆಗಳ ತಲೆಗಳು. ಎಲ್ಲವೂ ನನ್ನನ್ನೇ ನೋಡುತ್ತಿರುವ ಹಾಗಿತ್ತು.

ವಿಸ್ಕಾನ್ಸಿನ್‌ನ ಕಾನೂನು ಸರಳ. ಎಪ್ಪತ್ಮೂರನೇ ಇಸವಿ ಜನವರಿ ಒಂದರಿಂದ ಈಚೆಗೆ ಹುಟ್ಟಿದವರು ಸುರಕ್ಷತೆಯ ತರಗತಿ ಮುಗಿಸಿ ಪಾಸಾಗದೆ ಬೇಟೆಯ ಲೈಸೆನ್ಸ್ ಕೊಳ್ಳುವಂತಿಲ್ಲ. ಅದಕ್ಕಿಂತ ಮುಂಚೆ ಹುಟ್ಟಿದವರಿಗೆ ಪಾಠವೂ ಬೇಡ, ಪರೀಕ್ಷೆಯೂ ಬೇಡ. ನಾನು ಹುಟ್ಟಿದ್ದು ಆ ಜನವರಿಯ ಮೊದಲ ವಾರ. ನಮ್ಮಮ್ಮ ಹೊಸವರ್ಷದ ಊಟ ಮಾಡಿಕೊಂಡು, ಪಾತ್ರೆ ತೊಳೆದಿಟ್ಟು, ಆಮೇಲೆ ಸಾವಕಾಶವಾಗಿ ಆಸ್ಪತ್ರೆಗೆ ಹೋದಳಂತೆ. ಅವಳು ಸ್ವಲ್ಪ ಅವಸರ ಮಾಡಿದ್ದರೆ ನನಗೆ ಈ ಪಾಡು ಬರುತ್ತಿರಲಿಲ್ಲ.

ನನ್ನ ಗಂಡ ವರ್ಲಿನ್ ನನಗಿಂತ ಬಹಳ ದೊಡ್ಡವನು. ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. "ನಾನು ಹುಟ್ಟುವಾಗ್ಲೇ ಪಾಸಾಗಿ ಬಂದೋನು ಕಣೇ" ಎಂದು ಎದೆ ತಟ್ಟಿಕೊಳ್ಳುತ್ತಾನೆ. ತರಗತಿಗೆ ಸೇರುತ್ತೇನೆ ಎಂದು ನಾನು ಹೇಳಿದ ದಿನ ಅವನು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ.

"ಇಷ್ಟು ವರ್ಷ ಕ್ಯಾಂಪಲ್ಲಿ ಅಡುಗೆ ಮಾಡ್ಕೊಂಡು ಚೆನ್ನಾಗೇ ಇದ್ದೆಯಲ್ಲ. ಈಗೇನು ಹೊಸ ಹುಚ್ಚು?"

"ಟೆಸ್ಸಾ ಜೊತೆ ಕಲಿಯೋಣ ಅಂತ."

"ನೀನು ಅಟ್ಟಣೆ ಮೇಲೆ ಕೂತ್ರೆ ಪಕ್ಕದ ಕೌಂಟಿ ಜಿಂಕೆಗಳೂ ಓಡಿಹೋಗ್ತವೆ. ನಿನಗೆ ಬಾಯಿ ಮುಚ್ಕೊಂಡು ಕೂರೋಕೆ ಬರತ್ತಾ?"

ಕಾಫಿ ಬಟ್ಟಲಿನ ಅಂಚು ದಾಟಿ ಮೇಜಿನ ಮೇಲೆ ಹರಿಯುತ್ತಿತ್ತು. ಅವನು ಬಗ್ಗಿಸುತ್ತಲೇ ಇದ್ದ. ನಾನು ಬಟ್ಟೆ ತಂದು ಒರೆಸಿದೆ, ಅವನು ಬಟ್ಟಲು ಎತ್ತಿಕೊಂಡು ಟಿವಿ ಮುಂದೆ ಹೋಗಿ ಕೂತ. ಈಚೆಗೆ ಅವನು ಟಿವಿಯನ್ನು ನೇರವಾಗಿ ನೋಡುವುದಿಲ್ಲ. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಕಣ್ಣಿನ ಮೂಲೆಯಿಂದ ನೋಡುತ್ತಾನೆ. ಗಾಡಿ ಓಡಿಸುವುದನ್ನೂ ಬಿಟ್ಟಿದ್ದ. ಯಾಕೆ ಎಂದು ಕೇಳಿದರೆ ಮೊಣಕಾಲು ನೋವು ಅನ್ನುತ್ತಿದ್ದ. ಮೊಣಕಾಲಿಗೆ ಏನೂ ಆಗಿರಲಿಲ್ಲ, ಮೆಟ್ಟಿಲನ್ನು ದಡದಡ ಹತ್ತುತ್ತಿದ್ದ. ಹೋದದ್ದು ಕಣ್ಣಿನ ನಡುಭಾಗ. ಅವರಮ್ಮನಿಗೂ ಹಾಗೇ ಆಗಿತ್ತು, ಕೊನೆಗೆ ಎದುರು ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಇದನ್ನು ತಿಳಿದವಳು ನಾನೊಬ್ಬಳೇ. ತಿಳಿದ ಬಗೆ ಹೇಳುತ್ತೇನೆ.

ಹೋದ ವರ್ಷ ನವೆಂಬರಿನಲ್ಲಿ ಬೇಟೆ ಶುರುವಾದ ಶನಿವಾರ ಮಧ್ಯಾಹ್ನ ಅವನಿಗೆ ಬಟಾಣಿ ಸೂಪ್ ತೆಗೆದುಕೊಂಡು, ಅವನು ಹೊಂಚಿ ಕೂರುವ ಮರದ ಮೇಲಿನ ಅಟ್ಟಣೆಯ ಕಡೆ ಹೊರಟಿದ್ದೆ. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ, ತಲೆಗೆ ಅದೇ ಬಣ್ಣದ ಟೋಪಿ. ಆ ಬಣ್ಣ ಕಾಡಿನಲ್ಲಿ ಅರ್ಧ ಮೈಲಿಗೆ ಕಾಣಬೇಕು, ಅದಕ್ಕೇ ಹಾಕುವುದು. ಪೊದೆ ಸರಿಸಿಕೊಂಡು ಬರುತ್ತ ತಲೆಯೆತ್ತಿದರೆ ವರ್ಲಿನ್‌ನ ಕೋವಿ ನನ್ನ ಕಡೆಗಿತ್ತು. ನಾನು ಎಡಕ್ಕೆ ಸರಿದೆ, ಕೋವಿಯ ಬಾಯಿಯೂ ಎಡಕ್ಕೆ ಸರಿಯಿತು. ನನಗೆ ಭಯವಾಗುವಷ್ಟು ಬುದ್ಧಿಯೂ ಆಗ ಓಡಲಿಲ್ಲ. ಎಂದಿನ ಹಾಗೆ ಗಂಟಲು ಹರಿದುಕೊಂಡೆ: "ವರ್ಲಿನ್, ಸೂಪ್ ತಂದಿದೀನಿ, ಇಳಿ ಕೆಳಗೆ, ಆರಿ ಹೋಗತ್ತೆ!"

ಕೋವಿ ಮೆಲ್ಲಗೆ ಆಕಾಶಕ್ಕೆ ತಿರುಗಿತು. ಕೆಳಗಿಳಿದವನು, "ಕೋವಿ ಮೇಲಿನ ದುರ್ಬೀನಲ್ಲಿ ನಿನ್ನನ್ನೇ ನೋಡ್ತಿದ್ದೆ, ಎಷ್ಟು ಚೆಂದ ಬರ್ತಾಳೆ ಅಂತ" ಎಂದ. ಕುಡಿಯುವಾಗ ಅರ್ಧ ಸೂಪ್ ಚೆಲ್ಲಿಕೊಂಡ. ಚಳಿಗೆ ಅಂದುಕೊಂಡೆ. ಆ ವರ್ಷ ಅವನಿಗೆ ಒಂದೂ ಜಿಂಕೆ ಸಿಗಲಿಲ್ಲ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಟ್ಟೆ ಒಣಹಾಕುವಾಗ, ರೊಟ್ಟಿ ಹಿಟ್ಟು ನಾದುವಾಗ, ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ, ಆ ಕಪ್ಪು ತೂತು ಎಡಕ್ಕೆ ಸರಿಯುವುದು ಕಾಣುತ್ತಿತ್ತು. ಈ ವರ್ಷ ಟೆಸ್ಸಾ ಮೊದಲ ಸಲ ಕೋವಿ ಹಿಡಿದು ಅದೇ ಕಾಡಿಗೆ ಬರುವವಳಿದ್ದಳು. ನನಗೆ ಬೇಕಾಗಿದ್ದದ್ದು ಒಂದೇ: ಬೇಟೆ ಶುರುವಾಗುವ ಶನಿವಾರ ಬರುವುದರೊಳಗೆ ವರ್ಲಿನ್ ಕೋವಿ ಕೆಳಗಿಡಬೇಕು.

ಟೆಸ್ಸಾಳ ಅಪ್ಪ, ನನ್ನ ಮಗ ಕರ್ಟ್‌ಗೆ ಹೇಳಬಹುದಿತ್ತು. ಕರ್ಟ್ ಒಂದೇ ನಿಮಿಷದಲ್ಲಿ ಬಂದು ಕೋವಿಗಳನ್ನೆಲ್ಲ ಗಾಡಿಗೆ ತುಂಬಿಕೊಂಡು ಹೋಗುತ್ತಿದ್ದ, ಅಪ್ಪ ಮಗ ಸಾಯುವತನಕ ಮಾತು ಬಿಡುತ್ತಿದ್ದರು. ಆ ಮನೆತನದವರ ತಲೆ ಎಷ್ಟು ಗಟ್ಟಿ ಎಂದು ನನಗೆ ಗೊತ್ತು. ವರ್ಲಿನ್‌ಗೇ ಹೇಳಲು ನೋಡಿದೆ. "ಕಣ್ಣು ತೋರಿಸೋಣ" ಎಂದ ಕೂಡಲೇ ಅವನು ಎದ್ದು ಕೊಟ್ಟಿಗೆಗೆ ಹೋದ. ನಮ್ಮ ಕೊಟ್ಟಿಗೆಯಲ್ಲಿ ದನ ಇಲ್ಲದೆ ವರ್ಷಗಳಾಗಿದ್ದವು. ಅಲ್ಲಿ ಅವನು ಏನು ಮಾಡುತ್ತಿದ್ದನೋ.

ಉಳಿದ ದಾರಿ ಕ್ಯಾಂಪಿನ ಮೇಜು.

ಕ್ಯಾಂಪ್ ಎಂದರೆ ಜೌಗಿನ ಅಂಚಿನಲ್ಲಿ ನಮ್ಮ ಮಾವ ಕಟ್ಟಿದ ತಗಡಿನ ಮನೆ. ಬೇಟೆಯ ಹಿಂದಿನ ಸಂಜೆ ಎಲ್ಲರೂ ಅಲ್ಲಿ ಸೇರಿ, ಮೇಜಿನ ಸುತ್ತ ಕೂತು, ನಾಳೆ ಯಾರು ಎಲ್ಲಿ ಎಂದು ತೀರ್ಮಾನಿಸುತ್ತಾರೆ. ಮಾವನ ನಿಯಮಗಳು ಅವನು ಸತ್ತ ಮೇಲೂ ನಡೆಯುತ್ತವೆ. ಲೈಸೆನ್ಸ್ ಇಲ್ಲದವರಿಗೆ ಮೇಜಿನಲ್ಲಿ ಜಾಗವಿಲ್ಲ, ಮಾತೂ ಇಲ್ಲ. ಮೊದಲ ವರ್ಷದ ಬೇಟೆಗಾರ ಯಾವ ಹಿರಿಯನನ್ನು ಜೊತೆಗೆ ಕೇಳಿದರೂ ಆ ಹಿರಿಯ ಇಲ್ಲ ಅನ್ನುವಂತಿಲ್ಲ. ಮತ್ತು ಒಂದು ಅಟ್ಟಣೆಗೆ ಒಂದೇ ಕೋವಿ. ಹೊಸಬರ ಜೊತೆ ಕೂತ ಹಿರಿಯನ ಕೋವಿ ಕ್ಯಾಂಪಿನ ಗೂಟದಲ್ಲೇ ಉಳಿಯುತ್ತದೆ.

ನಾನು ಮೂವತ್ತು ವರ್ಷ ಆ ಮೇಜಿಗೆ ಆಲೂಗಡ್ಡೆ ತಂದಿಟ್ಟು ಒಲೆಯ ಕಡೆ ತಿರುಗಿದವಳು. ಹೊಸಬಳಾಗಿ ಕೂತು ವರ್ಲಿನ್‌ನನ್ನು ಕೇಳಿದರೆ ಅವನ ಕೋವಿ ತಾನಾಗಿ ಗೂಟಕ್ಕೆ ಹೋಗುತ್ತದೆ, ಅವನ ಮಾನವೂ ಉಳಿಯುತ್ತದೆ. ಇದನ್ನು ನಾನು ಬೇಸಿಗೆಯಲ್ಲಿ ಬೀನ್ಸ್ ಬಿಡಿಸುತ್ತ ಕೂತಾಗ ಹೊಂಚಿದ್ದು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಪಾಠ ಹೇಳುವವಳು ಆರ್ಡಿಸ್. ಶಾಲೆಯ ಬಸ್ ಓಡಿಸಿ ನಿವೃತ್ತಳಾದವಳು, ಊರಿನ ಅರ್ಧ ಜನ ಅವಳ ಬೈಗುಳ ಕೇಳಿಯೇ ಬೆಳೆದವರು. ಕೋವಿಗೆ ಗುಂಡು ತುಂಬಿದೆ ಎಂದೇ ತಿಳಿ. ಬಾಯಿ ಯಾರ ಕಡೆಗೂ ತಿರುಗದಿರಲಿ. ಗುರಿಯನ್ನೂ ಗುರಿಯ ಹಿಂದೇನಿದೆ ಎಂಬುದನ್ನೂ ಖಚಿತ ಮಾಡಿಕೋ. ಹೊಡೆಯುವ ತನಕ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಈ ನಾಲ್ಕನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದಳು. ಮಕ್ಕಳ ಜೊತೆ ನಾನೂ ಕೂಗುತ್ತಿದ್ದೆ.

"ಡಾರ್ಲಾ, ಕಾಲು."

"ಏನಾಯ್ತು ಕಾಲಿಗೆ?"

"ನನ್ನ ನೆಲ ಅಲ್ಲಾಡ್ತಿದೆ. ನಿನಗೆ ಇರುವೆ ಕಚ್ತಿದೆಯಾ?"

ಮಕ್ಕಳು ಕಿಸಕ್ಕನೆ ನಕ್ಕರು. ಟೆಸ್ಸಾ ತಲೆಯನ್ನು ಮೇಜಿನ ಮೇಲಿಟ್ಟಳು.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿ ಕೈಯೆತ್ತಿ, ದೂರದಲ್ಲಿ ಬರುತ್ತಿರುವವರು ಯಾರು ಎಂದು ಕೋವಿಯ ಮೇಲಿನ ದುರ್ಬೀನಿನಲ್ಲಿ ನೋಡಬಹುದಾ ಎಂದು ಕೇಳಿದಳು. ಆರ್ಡಿಸ್ ಸೀಮೆಸುಣ್ಣ ಕೆಳಗಿಟ್ಟಳು.

"ದುರ್ಬೀನು ಯಾವುದರ ಮೇಲಿದೆ?"

"ಕೋವಿ ಮೇಲೆ."

"ಅಂದ್ಮೇಲೆ ನೀನು ಅವರನ್ನ ನೋಡ್ತಿಲ್ಲ, ಅವರಿಗೆ ಕೋವಿ ಹಿಡಿದಿದೀಯ. ಬೇಟೆ ಗೊತ್ತಿರೋ ಯಾವನೂ ಆ ಕೆಲಸ ಮಾಡಲ್ಲ."

ವರ್ಲಿನ್‌ಗೆ ಬೇಟೆ ಗೊತ್ತು. ಹೆಂಡತಿಯ ಚೆಂದ ನೋಡಲು ಕೋವಿ ಎತ್ತುವವನಲ್ಲ ಅವನು. ಒಳಗೊಳಗೆ ತಿಳಿದದ್ದೇ, ಆದರೂ ಬೇರೆಯವರ ಬಾಯಲ್ಲಿ ಕೇಳಿದಾಗ ಬೇರೆಯೇ ಆಗುತ್ತದೆ.

ತರಗತಿ ಮುಗಿದು ಕುರ್ಚಿ ಮಡಚುವಾಗ ಆರ್ಡಿಸ್‌ಳ ಹತ್ತಿರ ಸರಿದೆ.

"ಕಣ್ಣು ಸರಿಯಿಲ್ಲದೋರು ಬೇಟೆ ಆಡಬಹುದಾ, ಆರ್ಡಿಸ್?"

"ಆಡಬಹುದು. ಅದಕ್ಕೇ ಬೇರೆ ಪರವಾನಗಿ ಇದೆ, ಪಕ್ಕದಲ್ಲಿ ಕಣ್ಣಿರೋರು ಇರಬೇಕು. ಯಾರಿಗೆ?"

"ಸುಮ್ನೆ ಕೇಳ್ದೆ."

"ಇಲ್ಲಿ ಯಾರೂ ಸುಮ್ನೆ ಕೇಳಲ್ಲ."

ನಾನು ಚೀಲ ಎತ್ತಿಕೊಂಡು ಟೆಸ್ಸಾಳನ್ನು ಎಳೆದುಕೊಂಡು ಹೊರಟೇಬಿಟ್ಟೆ. ಗಾಡಿಯಲ್ಲಿ ಟೆಸ್ಸಾ, "ಅಜ್ಜಿ, ನೀನು ಯಾಕೆ ಇಷ್ಟು ಜೋರಾಗಿ ಓಡಿಸ್ತಿದೀಯ?" ಎಂದು ಕೇಳಿದ ಮೇಲೆ ನಿಧಾನ ಮಾಡಿದೆ.

ಅಕ್ಟೋಬರ್ ಬಂತು. ಪ್ರತಿ ವರ್ಷ ಟಾಮರಾಕ್ ಮರಗಳ ಸೂಜಿ ಎಲೆ ಹಳದಿಯಾಗುವ ಹೊತ್ತಿಗೆ ವರ್ಲಿನ್ ಅಡುಗೆಮನೆ ಮೇಜಿನ ಮೇಲೆ ಹಳೇ ಕಾಗದ ಹಾಸಿ, ಕೋವಿ ಬಿಚ್ಚಿ, ಎಣ್ಣೆ ಹಾಕಿ ಒರೆಸುತ್ತಾನೆ. ಮನೆಯೆಲ್ಲ ಎಣ್ಣೆಯ ವಾಸನೆ ಎಂದು ನಾನು ಕೂಗಾಡುತ್ತೇನೆ. ಈ ಸಲ ಅವನು ಕೋವಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಒಂದು ದಿನ ಅದು ಒಳ್ಳೆಯ ಸೂಚನೆ ಅನ್ನಿಸಿತು. ಮರುದಿನ, ಸಣ್ಣ ತಿರುಪುಗಳು ಕಾಣುವುದೇ ಇಲ್ಲವೇನೋ, ಕಣ್ಣು ಅಷ್ಟು ಕೆಟ್ಟಿದೆಯೇನೋ ಎಂದು ಎದೆ ಹೊಡೆದುಕೊಂಡಿತು. ಅವನು ಹೊರಗಿದ್ದಾಗ ನಾನು ಕೋವಿಯನ್ನು ಎತ್ತಿ ಮೆತ್ತೆಯ ಕೆಳಗೆ ಬಚ್ಚಿಟ್ಟೆ, ಸಂಜೆಗೆ ಮತ್ತೆ ತಂದು ಅದರ ಜಾಗದಲ್ಲೇ ಇಟ್ಟೆ. ಕಳ್ಳಿಗೂ ಇಷ್ಟು ಸುಸ್ತಾಗುವುದಿಲ್ಲ.

ಕೊನೆಯ ದಿನದ ಪಾಠ ಕಾಡಿನಲ್ಲಿ. ಮನೆಯವರೂ ಬರಬಹುದಾಗಿತ್ತು. ವರ್ಲಿನ್ ಬಂದು ಬೆಂಕಿಯ ಹತ್ತಿರ ಕೂತು ಸಾಸೇಜ್ ಸುಡುತ್ತ ಎಲ್ಲರ ಮಕ್ಕಳಿಗೂ ತಮಾಷೆ ಮಾಡುತ್ತಿದ್ದ. ಕಾಲುದಾರಿಯ ಎರಡೂ ಬದಿಯಲ್ಲಿ ಹಲಗೆಯಲ್ಲಿ ಕತ್ತರಿಸಿದ ಜಿಂಕೆಗಳನ್ನು ನಿಲ್ಲಿಸಿದ್ದರು. ಖಾಲಿ ಕೋವಿ ಹಿಡಿದು ನಡೆಯಬೇಕು. ಒಂದೊಂದರ ಎದುರೂ ನಿಂತು, ಹೊಡೆಯುತ್ತೀಯೋ ಇಲ್ಲವೋ ಎಂದು ಆರ್ಡಿಸ್ ಕೇಳುತ್ತಾಳೆ. ಟೆಸ್ಸಾ ನನ್ನ ಮುಂದೆ ಹೋಗಿ ಎಲ್ಲವನ್ನೂ ಸರಿಯಾಗಿ ಹೇಳಿ ಬಂದಳು.

ನಾನೂ ಚೆನ್ನಾಗಿಯೇ ಹೋಗುತ್ತಿದ್ದೆ. ಹಿಂದೆ ರಸ್ತೆ ಇದ್ದ ಜಿಂಕೆಯನ್ನು ಬಿಟ್ಟೆ. ಹಿಂದೇನಿದೆಯೆಂದು ಕಾಣದ ಹಾಗೆ ದಿಬ್ಬದ ನೆತ್ತಿಯಲ್ಲಿ ನಿಂತದ್ದನ್ನೂ ಬಿಟ್ಟೆ. ತಿರುವಿನಲ್ಲಿ, ಹೇಸಲ್ ಪೊದೆಯ ಪಕ್ಕ, ದೊಡ್ಡ ಕೊಂಬಿನ ಗಂಡು ಜಿಂಕೆ ಅಡ್ಡ ನಿಂತಿತ್ತು. ಹಲಗೆ ಎಂದು ಗೊತ್ತಿದ್ದೂ ರಕ್ತ ಜುಮ್ಮೆಂದಿತು.

"ಹೊಡೀತೀನಿ!"

ಆರ್ಡಿಸ್ ನನ್ನ ಭುಜ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಿದಳು. ಪೊದೆಯ ಹಿಂದೆ, ಜಿಂಕೆಯ ಬೆನ್ನಿಗೆ ತಾಗಿದ ಹಾಗೆ, ಕಿತ್ತಳೆ ಅಂಗಿ ತೊಡಿಸಿದ ಹಲಗೆಯ ಮನುಷ್ಯ ಕೂತಿದ್ದ. ಎಲೆಗಳ ಸಂದಿಯಿಂದ ಆ ಬಣ್ಣ ಮೊದಲೇ ಕಾಣುತ್ತಿತ್ತು. ನನ್ನ ಕಣ್ಣಿಗೆ ಬಿದ್ದಿತ್ತು ಕೂಡ. ಹಣ್ಣೆಲೆ ಅಂದುಕೊಂಡಿದ್ದೆ.

"ಸತ್ತ," ಎಂದಳು ಆರ್ಡಿಸ್.

"ನನ್ನ ಕಣ್ಣು ಚೆನ್ನಾಗಿದೆ, ಆರ್ಡಿಸ್. ಸೂಜಿಗೆ ದಾರ ಪೋಣಿಸ್ತೀನಿ."

"ಎಲ್ರ ಕಣ್ಣೂ ಚೆನ್ನಾಗೇ ಇರ್ತದೆ. ಜಿಂಕೆ ಬೇಕೂ ಬೇಕು ಅಂತ ನಿಂತಿದ್ದೆ, ಜಿಂಕೆ ಕಂಡಿತು. ಹೋಗು, ಮೊದಲಿಂದ ಬಾ."

ನನಗೆ ಅಳು ಬಂತು. ಐವತ್ತು ದಾಟಿದವಳು ಮಕ್ಕಳೆದುರು ಅಳುವುದು ಹೇಗೆ, ಮೂಗು ಒರೆಸಿಕೊಂಡೆ. ಎರಡನೇ ಸಲ ಒಂದೊಂದು ಪೊದೆಯನ್ನೂ ಅನುಮಾನದಿಂದ ನೋಡಿ ನೋಡಿ ಎಷ್ಟು ಹೊತ್ತು ಮಾಡಿದೆನೆಂದರೆ ಹಿಂದಿನ ಮಕ್ಕಳು ಗೊಣಗಿದರು. ಪಾಸಾದೆ. ಬೆಂಕಿಯ ಹತ್ತಿರ ಬಂದಾಗ ವರ್ಲಿನ್ ಮುಖ ಓರೆ ಮಾಡಿಕೊಂಡು ನನ್ನತ್ತ ನೋಡಿ, "ಏನು, ಯಾರನ್ನಾದ್ರೂ ಕೊಂದ್ಯಾ?" ಎಂದು ನಕ್ಕ.

"ಒಬ್ಬನ್ನ," ಎಂದೆ.

ಅವನ ನಗು ನಿಂತಿತು. ಸಾಸೇಜ್ ಕಡ್ಡಿಯನ್ನು ಬೆಂಕಿಯಲ್ಲಿ ಹಾಗೇ ಬಿಟ್ಟು, ಗಾಡಿಗೆ ಹೋಗಿ ಕೂತ. ನನ್ನ ತಪ್ಪಿಗೆ ಅವನಿಗೇಕೆ ಸಿಟ್ಟು ಎಂದು ನನಗೂ ರೇಗಿತು.

ಲೈಸೆನ್ಸ್ ಕೊಂಡದ್ದು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ, ಮೀನಿನ ಗಾಳಕ್ಕೆ ಹಾಕುವ ಎರೆಹುಳುವಿನ ಡಬ್ಬಿಗಳ ಪಕ್ಕ ನಿಂತು. ಟೆಸ್ಸಾ ತನ್ನದನ್ನು ಎದೆಗೆ ಒತ್ತಿಕೊಂಡಳು. ನಾನು ನನ್ನದನ್ನು ಒಳಜೇಬಿಗೆ ಹಾಕಿಕೊಂಡು, ಇದೆಯೋ ಇಲ್ಲವೋ ಎಂದು ಮನೆ ತಲುಪುವತನಕ ಮುಟ್ಟಿ ಮುಟ್ಟಿ ನೋಡಿಕೊಂಡೆ.

ನವೆಂಬರಿನಲ್ಲಿ, ಬೇಟೆಯ ಹಿಂದಿನ ಶುಕ್ರವಾರ ಸಂಜೆ, ಕ್ಯಾಂಪಿನಲ್ಲಿ ಐದು ಜನ ಮೇಜಿನ ಸುತ್ತ ಕೂತೆವು: ವರ್ಲಿನ್, ಅವನ ತಮ್ಮ ಡೆಲ್ಮರ್, ಕರ್ಟ್, ಟೆಸ್ಸಾ, ನಾನು. ಹೊರಗೆ ಸಣ್ಣಗೆ ಹಿಮ ಉದುರುತ್ತಿತ್ತು. ಗೂಟಗಳಲ್ಲಿ ಕೋವಿಗಳು. ಒಲೆಯ ಮೇಲೆ ಬೀನ್ಸ್ ತಳ ಹಿಡಿಯುತ್ತಿರುವ ವಾಸನೆ ಬಂತು, ಯಾರೂ ಏಳಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ನಾನೂ ಏಳಲಿಲ್ಲ. ಕೊನೆಗೆ ಡೆಲ್ಮರ್ ಎದ್ದು ಪಾತ್ರೆ ಇಳಿಸಿದ.

"ಹೊಸ ಶಿಕಾರಿಗಳು ಮೊದಲು," ಎಂದ ಬಂದು ಕೂತು. "ಟೆಸ್ಸಾ, ಯಾರು ಬೇಕಮ್ಮ ನಿಂಗೆ?"

"ಅಪ್ಪ."

"ಅತ್ತಿಗೆ, ನಿಮಗೆ? ನಾನಂತೂ ರೆಡಿ. ಸ್ಯಾಂಡ್‌ವಿಚ್ ಸ್ವಲ್ಪ ಜಾಸ್ತಿ ಕಟ್ಕೊಂಡು ಬಂದ್ರೆ ಸಾಕು."

"ವರ್ಲಿನ್," ಎಂದೆ.

ಡೆಲ್ಮರ್ ಮೇಜು ಕುಟ್ಟಿ ನಕ್ಕ. "ಮನೇಲಿ ನೋಡಿದ್ದು ಸಾಲದಾ?" ವರ್ಲಿನ್ ನಗಲಿಲ್ಲ.

"ನಾನು ಒಬ್ನೇ ಕೂರೋನು. ಎಲ್ರಿಗೂ ಗೊತ್ತಿದೆ."

"ಹೊಸಬರು ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ. ಅಪ್ಪನ ನಿಯಮ," ಎಂದ ಡೆಲ್ಮರ್.

"ಅಪ್ಪ ಅದನ್ನ ಮಾಡಿದ್ದು ಮಕ್ಕಳಿಗೆ. ಇವಳೇನು ಮಗುವಾ? ಡೆಲ್ಮರ್ ಜೊತೆ ಹೋಗು, ಡಾರ್ಲಾ."

"ನಂಗೆ ನೀನೇ ಬೇಕು."

"ಆಗಲ್ಲ ಅಂದೆ."

"ಯಾಕೆ ಆಗಲ್ಲ?"

"ಆಗಲ್ಲ ಅಂದ್ರೆ ಆಗಲ್ಲ ಕಣೇ!"

ಅವನು ಎದ್ದು ನಿಂತ. ನನ್ನ ಜಾಣತನದ ಹೊಂಚು ಎಲ್ಲ ಅಷ್ಟಕ್ಕೇ ನೀರಾಯಿತು. ನಾಳೆ ಬೆಳಕು ಹರಿಯುವ ಮುಂಚೆ ಅವನು ಆ ಗೂಟದಿಂದ ಕೋವಿ ತೆಗೆದುಕೊಂಡು ಹೋಗುತ್ತಾನೆ, ಟೆಸ್ಸಾ ಅದೇ ಜೌಗಿನ ಆ ಕಡೆ ಇರುತ್ತಾಳೆ. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

"ಹೋದ ವರ್ಷ ನೀನು ನನಗೆ ಕೋವಿ ಹಿಡಿದಿದ್ದೆ, ವರ್ಲಿನ್. ನನ್ನ ಚೆಂದ ನೋಡೋಕಲ್ಲ. ನಾನು ಅಂತ ನಿಂಗೆ ಕಾಣಲೇ ಇಲ್ಲ. ನಿನ್ನ ಕಣ್ಣು ಹೋಗಿದೆ. ನಾಳೆ ಈ ಮಗು ಕಾಡಲ್ಲಿರ್ತಾಳೆ."

ಕರ್ಟ್, "ಅಪ್ಪಾ?" ಎಂದ. ಅವನ ಧ್ವನಿ ಚಿಕ್ಕಂದಿನದಾಗಿತ್ತು.

ವರ್ಲಿನ್ ಬಾಗಿಲ ಕಡೆ ಹೋಗುತ್ತಾನೆ ಅಂದುಕೊಂಡೆ. ಇಲ್ಲಿ ಕೊಟ್ಟಿಗೆಯಿರಲಿಲ್ಲ, ಹೋಗುವುದಾದರೂ ಎಲ್ಲಿಗೆ? ಮೆಲ್ಲಗೆ ಮತ್ತೆ ಕೂತ. ಬ್ರಾಂದಿಯ ಲೋಟವನ್ನು ಮುಟ್ಟಿ ಹುಡುಕಿ, ಹಿಡಿದುಕೊಂಡ. ಮುಖ ಗೋಡೆಯ ಕಡೆ ತಿರುಗಿಸಿ ಕಣ್ಣಿನ ಮೂಲೆಯಿಂದ ನನ್ನನ್ನು ನೋಡಿದ.

"ಕೊಂಬು ಕಂಡಿತ್ತು," ಎಂದ. "ನಿನ್ನ ತಲೆ ಮೇಲೆ. ಆಣೆ ಮಾಡಿ ಹೇಳ್ತೀನಿ ಡಾರ್ಲಾ, ದೊಡ್ಡ ಕೊಂಬು. ಕೋವಿಯ ಸೇಫ್ಟಿ ಚಿಲಕ ತೆಗೆದಿದ್ದೆ. ಬೆರಳು ಟ್ರಿಗರ್ ಮೇಲಿತ್ತು. ಉಸಿರು ಅರ್ಧ ಬಿಟ್ಟು ಹಿಡಿದಿದ್ದೆ. ಅಷ್ಟರಲ್ಲಿ ಜಿಂಕೆ ನನ್ನ ಹೆಸರು ಹಿಡಿದು ಕೂಗಿತು. ಸೂಪ್ ತಂದಿದೀನಿ ಅಂತು."

ಒಂದು ವರ್ಷ ಇದನ್ನೇ ಊಹಿಸಿಕೊಂಡು ಒದ್ದಾಡಿದವಳು ನಾನು, ಆದರೆ ಬೆರಳಿನವರೆಗೆ ನನ್ನ ಊಹೆ ಹೋಗಿರಲಿಲ್ಲ.

"ಅವತ್ತು ಮಧ್ಯಾಹ್ನ ತೋಟಾ ಎಲ್ಲ ತೆಗೆದು ಜೌಗಿಗೆ ಎಸೆದೆ," ಎಂದ ಅವನು. "ಉಳಿದ ಅಷ್ಟೂ ದಿನ ಖಾಲಿ ಕೋವಿ ಹಿಡ್ಕೊಂಡು ಕೂತಿದ್ದೆ. ಜಿಂಕೆ ಬರಲಿಲ್ವಾ ಅಂತ ನೀವೆಲ್ಲ ಕೇಳಿದ್ರಿ. ಬಂದಿರಬಹುದು. ನಂಗೇನು ಗೊತ್ತು? ಈ ವರ್ಷಾನೂ ಹಂಗೇ ಕೂತ್ಕೊಂಡು ಬರೋಣ ಅಂತಿದ್ದೆ."

"ಹೇಳಬಾರದಿತ್ತಾ ಅಪ್ಪಾ?" ಕರ್ಟ್ ಕೇಳಿದ.

"ಹೇಳಿ? ಅಡುಗೆಮನೇಲಿ ಆಲೂಗಡ್ಡೆ ಸುಲ್ಕೊಂಡು ಕೂರ್ಲಾ?"

"ನಾನು ಮೂವತ್ತು ವರ್ಷ ಸುಲ್ದಿದೀನಿ, ಸತ್ತಿಲ್ಲ!" ಎಂದು ಕಿರುಚಿದೆ. ಸಿಟ್ಟು, ಅಳು, ಎರಡೂ ಒಟ್ಟಿಗೇ ಬಂದಿದ್ದವು. ನಾನು ಅವನ ಕೋವಿಗೆ ಹೆದರಿ ವರ್ಷವೆಲ್ಲ ನವೆದಿದ್ದೆ. ಅದು ಖಾಲಿಯಾಗಿತ್ತು. ಅದನ್ನು ಮೆತ್ತೆಯ ಕೆಳಗೆ ಬಚ್ಚಿಟ್ಟಿದ್ದೆ ಬೇರೆ! "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಈಗಲಾದ್ರೂ ನನ್ನ ಜೊತೆ ಬರೋಕೆ ಏನು ಕಷ್ಟ ನಿಂಗೆ?"

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ.

"ಆ ಅಟ್ಟಣೆ ಹತ್ತಿದ್ರೆ ನೀನು ನಿಂತಿದ್ದ ಜಾಗ ಕಾಣತ್ತೆ," ಎಂದ. "ಬೇರೆ ಯಾವುದೂ ಸರಿಯಾಗಿ ಕಾಣಲ್ಲ. ಅದು ಕಾಣತ್ತೆ. ನೀನು ಪಕ್ಕದಲ್ಲಿ ಕೂತಿರುವಾಗ ಅದನ್ನ ಹೆಂಗೆ ನೋಡ್ಲಿ?"

ಟೆಸ್ಸಾ ಎದ್ದು ಬಂದು ಅಜ್ಜನ ತೋಳಿಗೆ ಒರಗಿದಳು. ಡೆಲ್ಮರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ನೋಡ್ಬೇಡ," ಎಂದೆ ನಾನು. "ನಾನು ನೋಡ್ತೀನಿ. ನೀನು ಸುಮ್ನೆ ಬಾ."

ಬೆಳಗ್ಗೆ ಇಬ್ಬರೂ ಹೋದೆವು. ಅವನ ಕೋವಿ ಗೂಟದಲ್ಲಿತ್ತು. ಏಣಿ ಹತ್ತಿ ಅವನು ನನ್ನ ಬಲಕ್ಕೆ ಕೂತ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟ, ತೆಗೆದ, ಮತ್ತೆ ಇಟ್ಟ. ಬೆಳಕು ಹರಿಯಿತು. ಕೆಳಗೆ ಆ ಪೊದೆ, ಆ ಬಯಲು. ಅವನ ಉಸಿರು ಜೋರಾಗಿತ್ತು. ದೂರದಲ್ಲೆಲ್ಲೋ ಬೇರೆ ಕ್ಯಾಂಪಿನವರ ಕೋವಿ ಸಿಡಿದಾಗ ಅವನು ಬೆಚ್ಚಿಬಿದ್ದು ನನ್ನ ತೋಳು ಹಿಡಿದುಕೊಂಡ, ಮತ್ತೆ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ತಲೆ ಎಡಕ್ಕೆ ಹೊರಳಿತು. ನನಗೆ ಏನೂ ಕೇಳಿಸಿರಲಿಲ್ಲ.

"ಬರ್ತಿದೆ," ಎಂದು ಉಸುರಿದ.

ಬಂತು. ಹಿಮದ ಮೇಲೆ ಒಂದೊಂದೇ ಕಾಲು ಎತ್ತಿಡುತ್ತ, ಪೊದೆಯ ಪಕ್ಕದಿಂದ, ಸರಿಯಾಗಿ ನಾನು ಅಂದು ನಿಂತಿದ್ದ ಕಡೆಗೇ ಬಂತು. ಕೋವಿ ಎತ್ತಿ ಭುಜಕ್ಕಿಟ್ಟೆ.

"ಗಂಡಾ?"

"ಗಂಡು. ಕೊಂಬಿಗೆ ಎಂಟು ಕವಲು."

"ಹಿಂದೆ ಏನಿದೆ?"

"ದಿಬ್ಬ. ಬರೀ ದಿಬ್ಬ."

"ಸರಿಯಾಗಿ ನೋಡಿದ್ಯಾ?"

"ನೋಡ್ದೆ."

"ಇನ್ನೊಂದ್ಸಲ ನೋಡು."

ನೋಡಿದೆ. ಪೊದೆ, ಹಿಮ, ದಿಬ್ಬ. ಎಲ್ಲಿಯೂ ಯಾರೂ ಇರಲಿಲ್ಲ. ಸೇಫ್ಟಿ ತೆಗೆಯುವ ಮುಂಚೆ ಅವನ ಬೆರಳುಗಳು ನನ್ನ ತೋಳಿನಲ್ಲಿ ಇನ್ನಷ್ಟು ಒತ್ತಿದವು.

"ಇನ್ನೊಂದ್ಸಲ, ಡಾರ್ಲಾ."

ನನಗೆ ರೇಗಲಿಲ್ಲ. ಕೋವಿಯನ್ನು ತೊಡೆಯ ಮೇಲೆ ಇಳಿಸಿ, ಬರಿಗಣ್ಣಿನಿಂದ, ಎಡದಿಂದ ಬಲಕ್ಕೆ, ಒಂದೊಂದು ಮರವನ್ನೂ ನೋಡುತ್ತ ಅವನಿಗೆ ಪಿಸುಗುಟ್ಟಿ ಹೇಳತೊಡಗಿದೆ. ಬರ್ಚ್. ಬಿದ್ದ ಸೀಡರ್. ಜಿಂಕೆಯ ಕಿವಿ ಈ ಕಡೆ ತಿರುಗಿದೆ. ಅದರ ಹಿಂದೆ ಯಾರೂ ಇಲ್ಲ, ವರ್ಲಿನ್. ನಾನು ಇಲ್ಲಿದೀನಿ. ಅವನು ಮುಖ ಓರೆ ಮಾಡಿ ಕೇಳುತ್ತ ಕೂತಿದ್ದ, ಕಣ್ಣಲ್ಲಿ ನೀರಿತ್ತು. ಜಿಂಕೆ ನಮ್ಮ ಪಿಸುಮಾತು ಕೇಳಿತೇನೋ, ಬಾಲ ಎತ್ತಿ ಎರಡೇ ಜಿಗಿತಕ್ಕೆ ಜೌಗಿನೊಳಗೆ ಹೋಯಿತು.

"ಹೋಯ್ತಾ?"

"ಹೋಯ್ತು."

"ಒಳ್ಳೇದಾಯ್ತು," ಎಂದ ವರ್ಲಿನ್, ನನ್ನ ತೋಳನ್ನು ಹಾಗೇ ಹಿಡಿದುಕೊಂಡು.